ಮೊಮ್ಮಗಳ ಸೀಟಿಗೆ ನಾನು ಹಾಕಿದ ಕತ್ತರಿ

ರಾಯದುರ್ಗದಲ್ಲಿ ಮೂವತ್ತೆಂಟು ವರ್ಷ ಜೀನ್ಸ್ ಪ್ಯಾಂಟು ಕತ್ತರಿಸಿದವನು ನಾನು. ಹೊಲಿಯುವವರು ಬೇರೆ, ಕತ್ತರಿಸುವವನು ಬೇರೆ. ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲೆ ಗೆರೆ ಎಳೆದು, ಮಷೀನನ್ನು ಒಂದೇ ಸಲ ಓಡಿಸುವ ಮನುಷ್ಯನಿಗೆ ಕಟಿಂಗ್ ಮಾಸ್ಟರ್ ಅನ್ನುತ್ತಾರೆ. ಅವನ ಕೈ ಒಂದು ಬೆರಳು ಅತ್ತಿತ್ತ ಆದರೆ ನೂರು ಜನರ ಪ್ಯಾಂಟು ಕೆಡುತ್ತದೆ. ಹಾಗಾಗಿ ಕಟಿಂಗ್ ಮಾಸ್ಟರುಗಳು ತಪ್ಪು ಮಾಡುವುದಿಲ್ಲ. ಮಾಡಿದರೂ ಒಪ್ಪಿಕೊಳ್ಳುವುದಿಲ್ಲ. ಒಮ್ಮೆ ನಾನು ಕತ್ತರಿಸಿದ ಒಂದಿಡೀ ರಾಶಿಯ ಎಡಗಾಲು ಬಲಗಾಲಿಗಿಂತ ಗಿಡ್ಡ ಬಂದಾಗ, ನೀರಿಗೆ ಹಾಕಿದ ಮೇಲೆ ಬಟ್ಟೆ ಕುಗ್ಗಿದೆ ಎಂದೆ. ಎಡಗಾಲು ಮಾತ್ರ ಹೇಗೆ ಕುಗ್ಗಿತು ಎಂದು ಕೇಳಿದ ಮಾಲೀಕರ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದನ್ನು ಓದಿ ನೀವು ನನ್ನನ್ನು ಬರೀ ದಡ್ಡ ಅಂದುಕೊಳ್ಳಬಾರದು. ದಡ್ಡತನದ ಜೊತೆ ಹಮ್ಮೂ ಧಾರಾಳವಾಗಿ ಇತ್ತು.

ಮಗಳನ್ನು ಮಡಕಶಿರಕ್ಕೆ ಕೊಟ್ಟಿದ್ದೇವೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಅಪಘಾತದ ಕೇಸುಗಳು ಬರುವ ವಾರ್ಡಿನಲ್ಲೇ ಹೆಚ್ಚು ಕೆಲಸ ಮಾಡಿದವಳು. ಚೊಚ್ಚಲ ಹೆರಿಗೆಗೆಂದು ರಾಯದುರ್ಗಕ್ಕೆ ಬಂದಳು, ಹೆಣ್ಣು ಕೂಸು ಹುಟ್ಟಿತು, ಐದನೇ ತಿಂಗಳಲ್ಲಿ ಗಂಡನ ಮನೆಗೆ ಕಳಿಸಿಕೊಡುವುದೆಂದು ಎರಡೂ ಕಡೆಯವರು ಮಾತಾಡಿಕೊಂಡೆವು. ಮೂರನೇ ತಿಂಗಳಲ್ಲಿ ಅಳಿಯಂದಿರು ತರಿಸಿದ ಒಂದು ದೊಡ್ಡ ಪೆಟ್ಟಿಗೆ ಮನೆಗೆ ಬಂತು. ಕೂಲರ್ ಇರಬೇಕೆಂದು ನನ್ನ ಹೆಂಡತಿ ಕಿಟಕಿಯ ಹತ್ತಿರ ಜಾಗ ಮಾಡಿದಳು. ತೆಗೆದು ನೋಡಿದರೆ ಕುರ್ಚಿ. ಅದೂ ಕಾಲಿಲ್ಲದ ಕುರ್ಚಿ.

"ಇದು ಕಾರಿನಾಗ ಕೂಸು ಕೂಡೋ ಸೀಟು," ಎಂದಳು ಮಗಳು.

"ಯಾಕ, ನನ್ನ ಮಡಿಲಿಗೆ ಏನಾಗೈತಿ?" ಎಂದು ಹೆಂಡತಿ ಕೇಳಿದಳು.

ನಮ್ಮ ಕಡೆ ಬಸ್ಸು, ಕಾರು, ಆಟೋ ಯಾವುದೇ ಇರಲಿ, ಕೂಸಿನ ಜಾಗ ಮಡಿಲು. ಯಾರ ಮಡಿಲು ಎಂಬುದಕ್ಕಷ್ಟೇ ಜಗಳ. ಬಸ್ಸಿನಲ್ಲಿ ನಿಂತ ತಾಯಿ ಕೂತ ಅಪರಿಚಿತರ ಮಡಿಲಿಗೆ ಕೂಸನ್ನು ಕೊಡುತ್ತಾಳೆ, ಅವರೂ ತಮ್ಮದೇ ಎಂಬಂತೆ ಇಸಿದುಕೊಳ್ಳುತ್ತಾರೆ. ಅಂಥದ್ದರಲ್ಲಿ ಐದು ತಿಂಗಳ ಕೂಸನ್ನು ಬೆಲ್ಟು ಬಿಗಿದು ಒಂಟಿಯಾಗಿ ಕೂರಿಸುವುದು ಹೆಂಡತಿಗೆ ಕಳ್ಳನನ್ನು ಹಿಡಿದು ಕಟ್ಟಿಹಾಕಿದ ಹಾಗೆ ಕಂಡಿತು. ಅದರಲ್ಲೂ ಮುಖವನ್ನು ಕಾರಿನ ಹಿಂಭಾಗಕ್ಕೆ ಮಾಡಿ ಕೂರಿಸಬೇಕಂತೆ. ಅದು ಮಾತ್ರ ನನಗೆ ಒಪ್ಪಿಗೆಯಾಯಿತು. ಕೂಸು ರಾಯದುರ್ಗವನ್ನು ನೋಡುತ್ತಲೇ ಮಡಕಶಿರಕ್ಕೆ ಹೋಗುತ್ತದೆ, ಅಜ್ಜನ ಊರು ಮರೆಯುವುದಿಲ್ಲ ಎಂದುಕೊಂಡೆ.

ಸೀಟಿನ ತಲೆಯ ಹತ್ತಿರ ಎರಡೂ ಪಕ್ಕ ಅಗಲವಾದ ಎರಡು ಕಿವಿಗಳು ಎದ್ದು ನಿಂತಿದ್ದವು. ಭುಜದ ಪಕ್ಕದಲ್ಲೂ ಹಾಗೇ ಗೋಡೆಯಂಥ ಏರು. ಎಷ್ಟು ಅಗಲವೆಂದರೆ ಕೂಸನ್ನು ಅದರಲ್ಲಿ ಕೂರಿಸಿದಾಗ ಪಕ್ಕದಿಂದ ಅದರ ಮೂಗು ಕೂಡ ಕಾಣುತ್ತಿರಲಿಲ್ಲ. ಮಗಳು ಆ ಕಿವಿಗಳ ಮೇಲೆ ಕೈಯಿಟ್ಟು ನಮಗೆ ಪಾಠ ಮಾಡಿದಳು. "ಮುಂದಿಂದ ಗುದ್ದಿದ್ರ ಎಂಜಿನ್ ಅಡ್ಡ ಐತಿ. ಹಿಂದಿಂದ ಗುದ್ದಿದ್ರ ಡಿಕ್ಕಿ ಅಡ್ಡ ಐತಿ. ಪಕ್ಕದಿಂದ ಗುದ್ದಿದ್ರ ಏನೈತಿ? ಬರೇ ಬಾಗಲ. ಬಾಗಲಕ್ಕೂ ಕೂಸಿನ ತಲೀಗೂ ನಡುವ ಒಂದು ಗೇಣು ಇರಂಗಿಲ್ಲ. ಆ ಪೆಟ್ಟು ಈ ಕಿವಿ ತಿನ್ನತಾವ. ಬೆಲ್ಟ್ ಬಿಗಿಯಾಗಿದ್ರ ಕೂಸು ಈ ಕಿವಿಗಳ ನಡುವನ ಇರತೈತಿ."

ಅವಳು ಇಷ್ಟನ್ನು ಹೇಳುವಾಗ ನಾನು ಹೊಲಿಗೆ ನೋಡುತ್ತಿದ್ದೆ. ಹೊಲಿಗೆ ಅಧ್ವಾನವಾಗಿತ್ತು. ಬಟ್ಟೆ ಮಿರಮಿರ ಮಿಂಚುವ ನೈಲಾನಿನಂಥದ್ದು, ನಮ್ಮ ಬಿಸಿಲಿಗೆ ಮೈಗೆ ಅಂಟಿಕೊಳ್ಳುವಂಥದ್ದು. ಇಂಥದ್ದರಲ್ಲಿ ನನ್ನ ಮೊಮ್ಮಗಳು ಕೂರುವುದೇ? ಹುಟ್ಟಿದ್ದು ಯಾವ ಊರಿನಲ್ಲಿ, ಯಾರ ಮನೆಯಲ್ಲಿ? ನನಗೆ ತಡೆಯಲಾರದ ಸಿಟ್ಟು ಬಂತು.

ಮಗಳು ಕೂಸಿಗೆ ಲಸಿಕೆ ಹಾಕಿಸಲು ಹೋದ ದಿನ ಸೀಟನ್ನು ನಡುಮನೆಗೆ ಎಳೆದುಕೊಂಡೆ. ಮೇಲಿನ ಹೊದಿಕೆ ಎಲಾಸ್ಟಿಕ್ಕಿನದು, ಸಲೀಸಾಗಿ ಬಂತು. ಕಿವಿಗಳಿಗೆ ಮಾತ್ರ ಒಳಗೆ ಇನ್ನೊಂದು ಬಟ್ಟೆ ಬಿಗಿದು ಹೊಲಿದಿದ್ದರು. ಬ್ಲೇಡು ತಂದು ಆ ಹೊಲಿಗೆ ಬಿಚ್ಚಿದೆ. ಒಳಗೆ ಏನಿತ್ತು ಅಂದುಕೊಂಡಿರಿ? ಥರ್ಮಾಕೋಲು. ಬೆಳ್ಳಗೆ, ದಪ್ಪಗೆ, ಎರಡೂ ಕಿವಿಗಳಲ್ಲಿ, ಭುಜದ ಪಕ್ಕದಲ್ಲೂ.

"ಏ, ಇಲ್ಲಿ ಬಾ," ಎಂದು ಹೆಂಡತಿಯನ್ನು ಕರೆದೆ. "ನೋಡಿಲ್ಲಿ ಕಂಪನಿ ಮಂದಿ ಹಣೇಬರ. ಪ್ಯಾಕಿಂಗ್ ತೆಗೆಯೋದ ಮರ್ತು ಹೊಲಿಗಿ ಹಾಕ್ಯಾರ!"

ನನ್ನ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ನಮ್ಮ ಮನೆಗೆ ಟಿವಿ ಬಂದಾಗ ಎರಡೂ ಪಕ್ಕ ಥರ್ಮಾಕೋಲು ಇತ್ತು. ಮಿಕ್ಸಿ ಬಂದಾಗಲೂ ಇತ್ತು, ಫ್ರಿಜ್ಜಿಗೆ ನಾಲ್ಕೂ ಮೂಲೆಗೆ ಇತ್ತು. ಅದನ್ನು ತೆಗೆದ ಮೇಲೆಯೇ ಟಿವಿ ನೋಡಿದ್ದೇವೆ, ಚಟ್ನಿ ರುಬ್ಬಿದ್ದೇವೆ. ಥರ್ಮಾಕೋಲು ಎಂದರೆ ಪ್ಯಾಕಿಂಗು ಎಂಬುದು ಕೂಸಿಗೂ ಗೊತ್ತಿರುವ ವಿಷಯ.

ಹೆಂಡತಿಗೆ ಖುಷಿಯೋ ಖುಷಿ. ಗಣಪತಿ ಹಬ್ಬಕ್ಕೆ ಆಗ ಹತ್ತೇ ದಿನ ಇತ್ತು. "ಒಡೀಬ್ಯಾಡ್ರಿ, ಹಂಗ ಕೊಡ್ರಿ. ಮಂಟಪಕ್ಕ ಕಂಬ ಆಗತಾವ," ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಸಾಯಂಕಾಲದೊಳಗೆ ಈಳಿಗೆಮಣೆಯ ಮೇಲೆ ಅದನ್ನೆಲ್ಲ ಸಣ್ಣ ಸಣ್ಣ ಕಂಬಗಳಾಗಿ ಹೆಚ್ಚಿ, ಬಂಗಾರದ ಬಣ್ಣದ ಕಾಗದ ಸುತ್ತಿ ಮುಗಿಸಿದ್ದಳು.

ನಾನು ಆ ಜಾಗಕ್ಕೆ ಬೂರುಗದ ಹತ್ತಿ ತುಂಬಿದೆ, ಮೆತ್ತಗೆ, ರಾಜರ ಮನೆಯ ದಿಂಬಿನ ಹಾಗೆ. ಮೇಲೆ ಒಳ್ಳೆಯ ಜೀನ್ಸ್ ಬಟ್ಟೆಯ ಹೊದಿಕೆ ಕತ್ತರಿಸಿ ಹಳದಿ ದಾರದ ಜೋಡಿ ಹೊಲಿಗೆ ಹಾಕಿಸಿದೆ. ನಾನು ಕೆಲಸ ಮಾಡಿದ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು ಕೆಲಸ ಬಿಟ್ಟು ಸುತ್ತ ನಿಂತು ನೋಡಿದರು. ಒಬ್ಬಾಕೆ ಜೇಬು ಬೇಕು ಎಂದಳು. ಸೀಟಿನ ಬೆನ್ನಿಗೆ ಎರಡು ಹಿಂಜೇಬು ಇಟ್ಟೆವು. ಜೇಬಿನ ಮೂಲೆಗಳಿಗೆ ಜೀನ್ಸಿಗೆ ಹೊಡೆಯುವಂಥ ತಾಮ್ರದ ಗುಬ್ಬಿ ಹೊಡೆದೆವು. ಸೊಂಟದ ಅಳತೆ ಬರೆದ ಚರ್ಮದ ಪಟ್ಟಿಯನ್ನೂ ಒಂದು ಹಚ್ಚಿದೆವು, ಮೂವತ್ತನಾಲ್ಕು ಎಂದು. ಸಣ್ಣದು ಮುಗಿದುಹೋಗಿತ್ತು.

ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. ಫೋಟೋ ತೆಗೆದು ಅಳಿಯಂದಿರಿಗೆ ಕಳಿಸಿದಳು. ಆಮೇಲೆ ತಟ್ಟನೆ ನಗು ನಿಲ್ಲಿಸಿ, "ಅಪ್ಪ, ಒಳಗೇನೂ ಮುಟ್ಟಿಲ್ಲಲ್ಲ?" ಎಂದು ಕೇಳಿದಳು.

"ಏನೂ ಮುಟ್ಟಿಲ್ಲ. ಮ್ಯಾಲಿನ ಬಟ್ಟಿ ಅಷ್ಟ," ಎಂದೆ.

ಪ್ಯಾಕಿಂಗ್ ತೆಗೆಯುವುದು ಮುಟ್ಟುವುದು ಹೇಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಕೇಳಿದ ರೀತಿ ಯಾಕೋ ಎದೆಯಲ್ಲಿ ಸಣ್ಣದಾಗಿ ಚುಚ್ಚಿತು. ಬಿಚ್ಚಿದ್ದು ಹೌದು ಎಂದು ಆಗಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಕಾಫಿ ಕೇಳಿದೆ.

ಹೊರಡುವ ದಿನ ಬೆಳಿಗ್ಗೆ ಅಳಿಯಂದಿರು ಕಾರನ್ನು ಮುಖ ನೋಡಿಕೊಳ್ಳುವ ಹಾಗೆ ಉಜ್ಜಿಕೊಂಡು ಬಂದರು. ಕಡುಗಪ್ಪು ಬಣ್ಣದ ಕಾರು. ಹೆಂಡತಿ ಕೂಸಿಗೆ ವಿಭೂತಿ ಹಚ್ಚಿದಳು, ಸೀಟಿಗೂ ಮೂರು ಬೆರಳು ವಿಭೂತಿ ಎಳೆದಳು. ನಡುವಿನ ಜಾಗಕ್ಕೆ ಸೊಂಟದ ಬೆಲ್ಟು ಮಾತ್ರ ಇದ್ದದ್ದರಿಂದ ಸೀಟನ್ನು ಹಿಂದೆ ಎಡ ಬಾಗಿಲ ಪಕ್ಕ ಕಟ್ಟಿದರು. ಅದರ ಪಕ್ಕ ಮಗಳು, ಆ ಕಡೆ ಬಾಗಿಲಿಗೆ ಹೆಂಡತಿ, ಮುಂದೆ ಅಳಿಯಂದಿರ ಪಕ್ಕ ನಾನು. ಬೀದಿಯವರೆಲ್ಲ ಬಗ್ಗಿ ಬಗ್ಗಿ ಸೀಟು ನೋಡಿದರು. ಎದುರು ಮನೆಯವರು ತಮಗೂ ಅದೇ ಬಟ್ಟೆಯಲ್ಲಿ ಸೋಫಾ ಹೊದಿಕೆ ಹೊಲಿಸಿಕೊಡಲು ಕೇಳಿದರು. ನಾನು ಕಿಟಕಿಯ ಹೊರಗೆ ಮೊಣಕೈ ಇಟ್ಟುಕೊಂಡು ದೊಡ್ಡ ಮನುಷ್ಯನಂತೆ ಕೂತೆ.

ಕಲ್ಯಾಣದುರ್ಗ ದಾಟಿದೆವು, ಪಾವಗಡ ಬಂತು. ಈ ದಾರಿಯಲ್ಲಿ ಆಂಧ್ರದಿಂದ ಹೊರಟು, ಕರ್ನಾಟಕಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಬರಬೇಕು. ಕೂಸು ಮಾತ್ರ ಯಾವ ರಾಜ್ಯವನ್ನೂ ಲೆಕ್ಕಿಸದೆ ನಿದ್ದೆ ಮಾಡಿತು. ಮಡಕಶಿರ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ರಸ್ತೆಯ ತುಂಬ ಕುರಿಗಳು ಬಂದವು. ಅಳಿಯಂದಿರು ಕಾರು ನಿಲ್ಲಿಸಿದರು.

ಕುರಿಗಳು ಎರಡೂ ಪಕ್ಕ ಹರಿದು ಹೋಗುತ್ತಿದ್ದವು. ಹಿಂದೆ ಒಂದು ಟಗರು ಬರುತ್ತಿತ್ತು. ಕೊಂಬು ಎರಡು ಸುತ್ತು ಸುತ್ತಿಕೊಂಡ, ಎಮ್ಮೆ ಕರುವಿನಷ್ಟು ದಪ್ಪದ ಟಗರು. ಅದು ನಮ್ಮ ಕಾರಿನ ಎಡಕ್ಕೆ ಬಂದು ನಿಂತು, ಉಜ್ಜಿದ ಬಾಗಿಲಲ್ಲಿ ತನ್ನ ಮುಖ ನೋಡಿಕೊಂಡಿತು. ಇಷ್ಟು ಗಾತ್ರದ ಇನ್ನೊಂದು ಟಗರು ತನ್ನ ದಾರಿಗೆ ಅಡ್ಡ ನಿಂತಿದೆ ಎಂದು ಅದಕ್ಕೆ ರೇಗಿತು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು. ಅದು ಮರ್ಯಾದೆಗೆ ಹಿಂದೆ ಸರಿಯುತ್ತಿದೆ ಎಂದು ನಾನು ತಿಳಿದುಕೊಂಡೆ.

ಧಡ್ ಎಂದಿತು. ಕಾರು ಅಲ್ಲಾಡಿತು. ಹಿಂದಿನ ಎಡ ಬಾಗಿಲು, ಸರಿಯಾಗಿ ಸೀಟು ಇದ್ದ ಕಡೆಯೇ.

ಕೂಸು ಕಣ್ಣುಬಿಟ್ಟು ಕಿಟಾರನೆ ಕಿರುಚಿತು. ಎಲ್ಲರೂ ಒಟ್ಟಿಗೆ ಕೂಗಿದೆವು. ಮಗಳು ಬೆಲ್ಟು ಬಿಚ್ಚಿ ಕೂಸನ್ನು ಎತ್ತಿಕೊಂಡು, ತಲೆ, ಕುತ್ತಿಗೆ, ಕೈಕಾಲು ಎಲ್ಲ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ, ನಿದ್ದೆ ಕೆಟ್ಟಿತ್ತು ಅಷ್ಟೆ. ಬಾಗಿಲು ಮಾತ್ರ ಬೋಗುಣಿಯಂತೆ ಒಳಗೆ ಹೋಗಿತ್ತು. ನಾವು ಇಳಿದು ನಿಂತೆವು. ಕುರಿ ಕಾಯುವಾತ ರುಮಾಲು ಸರಿಮಾಡಿಕೊಳ್ಳುತ್ತ ಓಡಿ ಬಂದ.

ಮಗಳು ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಸೀಟಿನ ಬಾಗಿಲ ಕಡೆಯ ಕಿವಿಯನ್ನು ಬೆರಳಿನಿಂದ ಒತ್ತಿದಳು. ಬೆರಳು ಹತ್ತಿಯನ್ನು ದಾಟಿ ಒಳಗಿನ ಪ್ಲಾಸ್ಟಿಕ್ಕಿಗೆ ಟಕ್ ಎಂದು ತಾಗಿತು.

"ಒಳಗಿನ ಥರ್ಮಾಕೋಲ್ ಒಂದ ಪೆಟ್ಟಿಗೆ ಪುಡಿಪುಡಿ ಆಗೈತಿ," ಎಂದಳು. "ಅದಕ್ಕ ಅದನ್ನ ಇಟ್ಟಿರತಾರ. ತಾನು ಪುಡಿಯಾಗಿ ತಲೀ ಉಳಸತೈತಿ."

ಥರ್ಮಾಕೋಲು ಎಂಬ ಪದ ಅವಳ ಬಾಯಿಂದ ಬಂದಾಗ ನನ್ನ ಕಾಲ ಕೆಳಗಿನ ರಸ್ತೆ ಕರ್ನಾಟಕದಲ್ಲಿದೆಯೋ ಆಂಧ್ರದಲ್ಲಿದೆಯೋ ತಿಳಿಯಲಿಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನೋಡಿ ಮಾವ, ತನ್ ಪ್ರಾಣ ಕೊಟ್ಟು ಮಗೀನ ಉಳಿಸ್ತು ಸೀಟು," ಎಂದು ಅಳಿಯಂದಿರು ಗದ್ಗದರಾದರು. ಆಮೇಲೆ ಕುರಿಯವನ ಕಡೆ ತಿರುಗಿ, "ಏನಯ್ಯಾ, ಟಗರು ಸಾಕಿದೀಯೋ ರಾಕ್ಷಸನ್ನ ಸಾಕಿದೀಯೋ?" ಎಂದು ಏರಿಹೋದರು.

"ಇಲ್ಲ ಸ್ವಾಮಿ, ಯಾರ್ ತಂಟೆಗೂ ಹೋಗಲ್ಲ ಇದು. ಮಗೀಗೆ ಏನೂ ಆಗ್ಲಿಲ್ವಾ ಸ್ವಾಮಿ?" ಎಂದ ಆತ. ಕೋಲೆತ್ತಿ ಟಗರಿನ ಬೆನ್ನಿಗೆ ಒಂದು ಬಾರಿಸಿದ. ಅದು ಬಾಗಿಲಿನಲ್ಲಿದ್ದ ಶತ್ರುವನ್ನು ಸೋಲಿಸಿದ ಸಂತೋಷದಲ್ಲಿತ್ತು, ಪೆಟ್ಟನ್ನು ಗಮನಿಸಲೇ ಇಲ್ಲ.

ಮಗಳು ನನ್ನ ಹತ್ತಿರ ಬಂದು ತೋಳು ಹಿಡಿದುಕೊಂಡಳು. "ಅಪ್ಪ, ನಿನ್ನ ಹೊಲಿಗಿ ನೋಡು, ಒಂದೂ ಬಿಟ್ಟಿಲ್ಲ," ಎಂದಳು.

ಎಂಥ ಹೊತ್ತಿನಲ್ಲಿ ಎಂಥ ಹೊಗಳಿಕೆ! ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಎಲ್ಲ ಪಾಪವೂ ಟಗರಿನ ತಲೆಗೆ ಹೋಗುತ್ತಿತ್ತು, ಅದು ಬಾಯಿ ತೆರೆದು ಹೇಳುವ ಪ್ರಾಣಿಯಲ್ಲ. ಮನಸ್ಸು ಅದನ್ನೇ ಹೇಳುತ್ತಿತ್ತು, ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಬಟ್ಟೆ ಕುಗ್ಗಿದೆ ಎಂದು ಹೇಳಿ ಬದುಕಿದವನು ನಾನು.

ಅಷ್ಟರಲ್ಲಿ ಅಳಿಯಂದಿರು ಸೀಟಿನ ಹತ್ತಿರ ಬಗ್ಗಿದರು. "ಆ ಕಡೆ ಕಿವಿ ಚೆನ್ನಾಗೇ ಇರ್ತೈತೆ. ಸೀಟು ಬಲಗಡೆಗೆ ಕಟ್ಟಿದ್ರೆ ಆ ಕಿವಿ ಬಾಗಿಲ ಕಡೆಗೆ ಬತ್ತೈತೆ. ನಿಧಾನಕ್ಕೆ ಹೋಗನ," ಎಂದು ಬೆಲ್ಟು ಬಿಚ್ಚತೊಡಗಿದರು. ಮಗಳು ಕೂಸನ್ನು ಮತ್ತೆ ಎತ್ತಿಕೊಂಡು ಬಲ ಬಾಗಿಲ ಕಡೆ ಹೊರಟಳು.

ಆ ಕಡೆಯ ಕಿವಿಯಲ್ಲಿ ಏನಿದೆ ಎಂಬುದು ಇಡೀ ರಸ್ತೆಯಲ್ಲಿ ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು. ಆ ಬಾಗಿಲ ಪಕ್ಕದಲ್ಲೇ ಲಾರಿಗಳು ಹೋಗುತ್ತಿದ್ದವು, ಟಗರಲ್ಲ.

"ಅಳಿಯಂದ್ರ, ಬಿಚ್ಚಬ್ಯಾಡ್ರಿ," ಎಂದೆ. "ಆ ಕಡೀ ಕಿವ್ಯಾಗೂ ಇಲ್ಲ."

"ಏನಿಲ್ಲ?" ಎಂದಳು ಮಗಳು.

"ಥರ್ಮಾಕೋಲು."

"ಟಗರು ಈ ಕಡೀ ಗುದ್ದೈತಿ. ಆ ಕಡೀದು ಹೆಂಗ ಹೋಗತೈತಿ?"

"ಟಗರು ಅಲ್ಲವ್ವ. ನಾನ ತೆಗ್ದೀನಿ. ಎರಡೂ ಕಡೀದು. ಹತ್ತಿ ತುಂಬೀನಿ."

"ಒಳಗ ಮುಟ್ಟಿಲ್ಲ ಅಂದಿದ್ದಿ."

"ಸುಳ್ಳು ಹೇಳಿದ್ದೆ. ಪ್ಯಾಕಿಂಗ್ ಅಂತ ತಿಳಕೊಂಡಿದ್ದೆ."

ಅಳಿಯಂದಿರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಮಗಳು ಬಹಳ ಮೆಲ್ಲಗೆ ಕೇಳಿದಳು: "ಅದು ಈಗ ಎಲ್ಲೈತಿ?"

ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಸೆರಗನ್ನು ಬಾಯಿಂದ ತೆಗೆದಳು. "ಗಣಪತಿ ಮಂಟಪಕ್ಕ ಕಂಬ ಮಾಡೀನವ್ವ. ನೀನ ಆರತಿ ಮಾಡಿದಿ. ಚಂದ ಆಗೈತಿ ಅಂದಿದ್ದಿ."

ಕುರಿಯವನು ಕೋಲಿನ ಮೇಲೆ ಗದ್ದ ಇಟ್ಟುಕೊಂಡು ಒಂದೊಂದು ಮಾತಿಗೂ ಒಬ್ಬೊಬ್ಬರ ಮುಖ ನೋಡುತ್ತಿದ್ದ.

ಮಗಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಎಸೆದು ಹಗುರಾಗುತ್ತಿದ್ದೆ. ಅವಳು ಕೂಸಿನ ತಲೆಯ ಮೇಲೆ ಅಂಗೈ ಇಟ್ಟುಕೊಂಡು ಹೇಳಿದಳು: "ಪಕ್ಕದಿಂದ ಗುದ್ದಿಸಿಕೊಂಡ ಕಾರಿನಿಂದ ಬಂದ ಒಂದು ಕೂಸನ್ನ ಎತ್ತಿಕೊಂಡು ನಾನ ಆಸ್ಪತ್ರಿ ಒಳಗ ಓಡೀನಿ, ಅಪ್ಪ. ಮಡಿಲಾಗ ಕೂತಿತ್ತಂತ. ಅದಕ್ಕ ಈ ಸೀಟು ಬೇಕಂತ ಹಟ ಮಾಡಿದ್ದು."

ನನಗೆ ನಾಚಿಕೆಯಾಯಿತು. ಅರವತ್ತು ದಾಟಿದ ಗಂಡಸು, ನಡುರಸ್ತೆಯಲ್ಲಿ, ಕುರಿಗಳ ನಡುವೆ ನಿಂತು ಕಣ್ಣೊರೆಸಿಕೊಂಡೆ.

"ಬಿಚ್ಚೋಕಿಂತ ಮೊದಲ ನನ್ನ ಒಂದು ಮಾತು ಕೇಳಬಾರದಾಗಿತ್ತೇನು?" ಎಂದಳು.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದೆ.

ನಿಜವನ್ನೇ ಹೇಳಿದ್ದೆ. ಮೊದಲು ನಕ್ಕವನು ಕುರಿಯವನು. ಆಮೇಲೆ ಅಳಿಯಂದಿರು ಸೀಟಿನೊಳಗೆ ತಲೆ ಹಾಕಿಕೊಂಡೇ ನಗತೊಡಗಿದರು, ಅವರ ಬೆನ್ನು ಮಾತ್ರ ಕುಣಿಯುತ್ತಿತ್ತು. ಮಗಳು ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು.

"ಅಂಗಾದ್ರೆ ನನ್ ಟಗರುದು ಏನೂ ತಪ್ಪಿಲ್ಲ ಅಂದಂಗಾಯ್ತು," ಎಂದ ಕುರಿಯವನು. "ಸುಮ್‌ಸುಮ್ನೆ ಹೊಡೆದ್‌ಬಿಟ್ಟೆ. ನೀವೇ ಒಂದ್ ಮಾತ್ ಹೇಳಿ ಸ್ವಾಮಿ ಅದಕ್ಕೆ."

ಬಾಗಿಲು ತಗ್ಗಾಗಿದ್ದು ಅದರಿಂದಲೇ ಎಂದು ನಾನು ವಾದಿಸಬಹುದಿತ್ತು. ಅಂದು ವಾದಿಸುವ ಶಕ್ತಿ ಇರಲಿಲ್ಲ. ಟಗರಿನ ಮುಂದೆ ನಿಂತು, "ತಪ್ಪಾತಪ್ಪ," ಎಂದೆ. ಅದು ನನ್ನ ಮೊಣಕಾಲನ್ನು ಗಮನವಿಟ್ಟು ನೋಡತೊಡಗಿದ್ದರಿಂದ ಬೇಗ ಹಿಂದೆ ಸರಿದೆ.

ಆ ಸೀಟಿನಲ್ಲಿ ಕೂಸನ್ನು ಕೂರಿಸಿಕೊಂಡು ಒಂದು ಮಾರೂ ಹೋಗುವುದಿಲ್ಲ ಎಂದು ಮಗಳು ಖಡಾಖಂಡಿತವಾಗಿ ಹೇಳಿದಳು. ಅಳಿಯಂದಿರು ಮಡಕಶಿರಕ್ಕೆ ಫೋನ್ ಮಾಡಿದರು. ಅವರ ಅಣ್ಣನ ಮನೆಯಲ್ಲಿ ಇಂಥದ್ದೇ ಒಂದು ಸೀಟಿತ್ತು, ಅವರ ಮಗ ದೊಡ್ಡವನಾಗಿ ಅದು ಅಟ್ಟ ಸೇರಿತ್ತು. ನಾವು ಹುಣಸೆ ಮರದ ನೆರಳಿನಲ್ಲಿ ಕೂತು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಬೀಗರಿಗೆ ಕುರಿ ಅಡ್ಡ ಬಂದಿವೆ ಎಂದಷ್ಟೇ ಹೇಳಿದೆವು. ಮುಕ್ಕಾಲು ಗಂಟೆಯ ಮೇಲೆ ಒಂದು ಆಟೋ ಬಂತು. ಹಿಂದೆ ಜನ ಯಾರೂ ಇಲ್ಲ, ಸೀಟೊಂದೇ ಹಗ್ಗ ಕಟ್ಟಿಸಿಕೊಂಡು ಗಂಭೀರವಾಗಿ ಕೂತು ಬಂದಿತ್ತು.

ಮಗಳು ಮತ್ತೆ ಫೋನ್ ಮಾಡಿ, ಇದು ಯಾವತ್ತಾದರೂ ಅಪಘಾತದಲ್ಲಿ ಸಿಕ್ಕಿತ್ತಾ, ಎಲ್ಲಾದರೂ ಬಿದ್ದಿತ್ತಾ, ಯಾರಾದರೂ ಬಿಚ್ಚಿದ್ದರಾ ಎಂದು ಕೇಳಿದಳು. ಕೊನೆಯ ಪ್ರಶ್ನೆ ಕೇಳುವಾಗ ನನ್ನ ಕಡೆ ನೋಡಿದಳು. ಎಂದೂ ಇಲ್ಲ ಎಂದು ಉತ್ತರ ಬಂತು. ಸೀಟಿನ ಹಿಂದೆ ಅಚ್ಚು ಹಾಕಿದ್ದ ವರ್ಷವನ್ನೂ ಓದಿ ನೋಡಿದಳು. ಆಮೇಲೆ ನನ್ನ ಕೈಹಿಡಿದು ಅದರ ಕಿವಿಯ ಮೇಲೆ ಇಟ್ಟಳು. "ಒತ್ತು."

ಒತ್ತಿದೆ. ಮೆತ್ತನೆ ಬಟ್ಟೆಯ ಕೆಳಗೆ ಗಟ್ಟಿಯಾಗಿ, ಸ್ವಲ್ಪವೂ ಒಳಗೆ ಹೋಗದೆ ನಿಂತಿತ್ತು. ಹೊಲಿಗೆ ಇದರದ್ದೂ ಅಧ್ವಾನವೇ. ಆ ಮಾತನ್ನು ನುಂಗಿಕೊಂಡೆ.

ಸೀಟನ್ನು ಬಲ ಬಾಗಿಲ ಪಕ್ಕ ಕಟ್ಟಿದ ಮೇಲೆ ಮಗಳು ಕೂಸನ್ನು ನನ್ನ ಕೈಗೆ ಕೊಟ್ಟಳು. "ನೀನ ಕೂಡಿಸು," ಎಂದಳು. ಇನ್ನು ಆರು ತಿಂಗಳು ಕೂಸನ್ನು ಮುಟ್ಟಗೊಡುವುದಿಲ್ಲ ಎಂದು ತಿಳಿದಿದ್ದೆ. ಎರಡು ಪಟ್ಟಿಗಳನ್ನು ಅದರ ಭುಜದ ಮೇಲಿಂದ ತಂದು ಕೊಂಡಿಗೆ ಸೇರಿಸಿದೆ. ಪಟ್ಟಿ ಎಷ್ಟು ಬಿಗಿಯಿರಬೇಕು ಎಂದು ಸೊಂಟದ ಅಳತೆಯ ಮೇಲೆ ಅಂದಾಜು ಮಾಡಬಲ್ಲೆ, ಮೂವತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ.

"ಇಷ್ಟು ಸಾಕೇನವ್ವ?" ಎಂದು ಕೇಳಿದೆ.

ಮಗಳು ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿದಳು. "ಇನ್ನೊಂದು ಚೂರು ಎಳಿ." ಎಳೆದೆ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ನನ್ನ ಕಣ್ಣೆದುರೇ ಕೊಂಡಿ ಬಿಚ್ಚಿ, ಮೊದಲಿನಿಂದ ತಾನೇ ಕಟ್ಟಿ, ಎರಡು ಸಲ ಎಳೆದು ನೋಡಿದಳು.

ನನ್ನ ಕೆಲಸವನ್ನು ಬಿಚ್ಚಿ ಮತ್ತೆ ಮಾಡಿದವರ ಮನೆಯ ನೀರು ಕೂಡ ನಾನು ಕುಡಿದವನಲ್ಲ. ಆ ದಿನ ಕಾರಿನ ಬಾಗಿಲು ಹಿಡಿದು ಬಗ್ಗಿ ನಿಂತು, "ಮೂರನೇ ಸಲ ಎಳೆದು ನೋಡು," ಎಂದೆ.